ಒಣಗಿ ನಿಂತ ಕಾಡೂ ಕಾಡೇ

ಮಕ್ಕಳೇ, ಒಂದು ಮಾರ್ಚ್ ತಿಂಗಳ ಮಧ್ಯಾಹ್ನ ಮುಂಡಗೋಡ ತಾಲೂಕಿನ ಒಂದು ಶಾಲೆಗೆ ಹೋಗಿದ್ದೆ. ಏಳನೇ ತರಗತಿಯ ಗೋಡೆಯ ಮೇಲೆ ಪ್ರಪಂಚದ ಬಯೋಮ್‌ಗಳ ಚಾರ್ಟು ತೂಗುಹಾಕಿದ್ದರು. ಹಿಮ ಹೊದ್ದ ಟಂಡ್ರಾ, ಸೂಜಿಯೆಲೆಯ ಮರಗಳ ಟೈಗಾ, ಮರಳಿನ ಸಹಾರಾ, ಜಿರಾಫೆ ನಿಂತ ಸವನ್ನಾ, ಹಸಿರು ಕಿಕ್ಕಿರಿದ ಅಮೆಜಾನ್. ಎಲ್ಲವೂ ಚೆಂದದ ಚಿತ್ರಗಳು. “ಇದರಲ್ಲಿ ನಿಮ್ಮೂರು ಎಲ್ಲಿದೆ?” ಎಂದು ಕೇಳಿದೆ. ತರಗತಿ ಸುಮ್ಮನಾಯಿತು. ಕೊನೆಗೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. “ನಮ್ಮೂರು ಇದರಾಗ ಇಲ್ರಿ ಅಕ್ಕೋರೆ. ಜೋಯಿಡಾ ಕಡೆ ಕಾಡು ಐತಿ. ನಮ್ಮ ಕಡೆ ಬರೇ ಒಣಗಿದ ಗಿಡ ಅದಾವ.”

ಕಿಟಕಿಯ ಹೊರಗೆ ನೋಡಿದೆ. ಸಾಗವಾನಿ ಮರಗಳು ಒಂದೇ ಒಂದು ಎಲೆಯಿಲ್ಲದೆ ನಿಂತಿದ್ದವು. ನೆಲದ ತುಂಬ ತರಗೆಲೆ. ಅದರ ಆಚೆ ಮುತ್ತುಗದ ಮರವೊಂದು ಮೈತುಂಬ ಕೆಂಡದ ಬಣ್ಣದ ಹೂ ಬಿಟ್ಟಿತ್ತು. ಹುಡುಗ ಸುಳ್ಳು ಹೇಳಿರಲಿಲ್ಲ. ಕಂಡದ್ದನ್ನೇ ಹೇಳಿದ್ದ. ಆದರೆ ಅದನ್ನು ‘ಕಾಡಲ್ಲ’ ಎಂದು ಅವನಿಗೆ ಕಲಿಸಿದವರು ಯಾರು? ಆ ಚಾರ್ಟು. ಮತ್ತು ಅದನ್ನು ತೋರಿಸಿ ಪಾಠ ಮಾಡುವ ನನ್ನಂಥ ಶಿಕ್ಷಕರು. ಹಸಿರಾಗಿದ್ದರೆ ಮಾತ್ರ ಕಾಡು, ಮರಗಳಿದ್ದರೆ ಮಾತ್ರ ಒಳ್ಳೆಯ ನೆಲ ಎಂಬ ನಂಬಿಕೆ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಅದು ತಪ್ಪು ಎನ್ನುವುದು ನನ್ನ ಅಭಿಪ್ರಾಯ. ಬರೀ ತಪ್ಪಲ್ಲ, ಅದರಿಂದ ನಷ್ಟವೂ ಆಗುತ್ತಿದೆ. ಹೇಗೆ ಎಂದು ಹೇಳುತ್ತೇನೆ. ಓದಿದ ಮೇಲೆ ನೀವೇ ತೀರ್ಮಾನಿಸಿ.

ಮೊದಲು ಬಯೋಮ್ ಎಂದರೇನು? ಒಂದೇ ಬಗೆಯ ವಾಯುಗುಣ, ಆ ವಾಯುಗುಣಕ್ಕೆ ಹೊಂದಿಕೊಂಡ ಸಸ್ಯಗಳು, ಆ ಸಸ್ಯಗಳನ್ನು ನಂಬಿದ ಪ್ರಾಣಿಗಳು, ಇವೆಲ್ಲ ಸೇರಿದ ದೊಡ್ಡ ಭೂಪ್ರದೇಶವೇ ಬಯೋಮ್. ಇದನ್ನು ನೋಡಲು ಬ್ರೆಜಿಲ್‌ಗೆ ಹೋಗಬೇಕಾಗಿಲ್ಲ. ಜೋಯಿಡಾದಲ್ಲಿ ಬೆಳಿಗ್ಗೆ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕುಳಿತು, ದಾಂಡೇಲಿ, ಹಳಿಯಾಳ ದಾಟಿ, ಕಲಘಟಗಿ ಮೇಲೆ ಮುಂಡಗೋಡಕ್ಕೆ ಬನ್ನಿ. ಎರಡು ಮೂರು ಬಸ್ಸು ಬದಲಿಸಬೇಕು, ನಿಜ. ಆದರೆ ಒಂದೇ ದಿನದಲ್ಲಿ ಪಾಠದ ಅರ್ಧ ಮುಗಿಯುತ್ತದೆ.

ಜೋಯಿಡಾ ತಾಲೂಕಿನ ಪಶ್ಚಿಮದ ಅಂಚಿನಲ್ಲಿ, ಅಣಶಿ, ಕ್ಯಾಸಲ್‌ರಾಕ್ ಕಡೆ, ಮರಗಳು ವರ್ಷವಿಡೀ ಹಸಿರು. ಮೇಲೆ ಎತ್ತರದ ಮರ, ಅದರ ಕೆಳಗೆ ಇನ್ನೊಂದು ಮರ, ಅದರ ಕೆಳಗೆ ಪೊದೆ, ಎಲ್ಲವನ್ನೂ ಸುತ್ತಿದ ಬಳ್ಳಿ. ಕೊಂಬೆಗಳ ಮೇಲೆ ಪಾಚಿ, ಜರಿಗಿಡ. ಅನೇಕ ಮರಗಳ ಎಲೆಯ ತುದಿ ಬಾಲದಂತೆ ಚೂಪಾಗಿರುತ್ತದೆ, ಬಿದ್ದ ಮಳೆನೀರು ಬೇಗ ಜಾರಿಹೋಗಲಿ ಎಂದು. ದಾಂಡೇಲಿಗೆ ಬರುವಷ್ಟರಲ್ಲಿ ಮತ್ತಿ, ನಂದಿ, ಹೊನ್ನೆ, ಬೀಟೆ, ಸಾಗವಾನಿ, ಬಿದಿರು. ಇದು ತೇವವಿರುವ ಎಲೆ ಉದುರುವ ಕಾಡು. ಹಳಿಯಾಳ ದಾಟಿದರೆ ಮರಗಳು ಗಿಡ್ಡವಾಗುತ್ತವೆ, ದೂರ ದೂರ ಸರಿಯುತ್ತವೆ, ನಡುವೆ ಹುಲ್ಲು ಕಾಣಿಸುತ್ತದೆ, ಗೋವಿನಜೋಳ, ಹತ್ತಿ, ಕಬ್ಬಿನ ಹೊಲಗಳು ಬರುತ್ತವೆ. ಮುಂಡಗೋಡದ ಪೂರ್ವಕ್ಕೆ ಬಂದರೆ ಬಯಲುಸೀಮೆ ಬಾಗಿಲಲ್ಲೇ ನಿಂತಿರುತ್ತದೆ.

ಇಷ್ಟು ಹತ್ತಿರದಲ್ಲಿ ಇಷ್ಟೊಂದು ವ್ಯತ್ಯಾಸ ಏಕೆ? ಉಷ್ಣತೆ ಅಷ್ಟೇನೂ ಬದಲಾಗಿಲ್ಲ. ಬದಲಾದದ್ದು ಮಳೆ. ಜೂನ್‌ನಲ್ಲಿ ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರುತ್ತದೆ. ಮೇಲೇರಿದಂತೆ ತಣ್ಣಗಾಗುತ್ತದೆ. ತಣ್ಣಗಿನ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದು, ಮಳೆಯಾಗಿ ಸುರಿಸಿಬಿಡುತ್ತದೆ. ಕ್ಯಾಸಲ್‌ರಾಕ್‌ನಲ್ಲಿ ಒಂದು ವರ್ಷದ ಮಳೆ 5000 ಮಿ.ಮೀ. ದಾಟುವುದುಂಟು. ಅದೇ ಗಾಳಿ ಘಟ್ಟ ಇಳಿದು ಹಳಿಯಾಳ, ಮುಂಡಗೋಡದ ಕಡೆ ಬರುವಾಗ ಅದರ ಕೊಡ ಬಹುಪಾಲು ಖಾಲಿಯಾಗಿರುತ್ತದೆ. ಇಲ್ಲಿ ಸಾವಿರ, ಸಾವಿರದ ಇನ್ನೂರು ಮಿ.ಮೀ. ಆಸುಪಾಸು ಅಷ್ಟೇ.

ಹೀಗೆ ಪ್ರಯಾಣದಲ್ಲಿ ಕಿಟಕಿಯಿಂದ ನೋಡಿಯೇ ದೊಡ್ಡ ವಿಜ್ಞಾನಿಯಾದವರೊಬ್ಬರಿದ್ದಾರೆ. ಹೆಸರು ವ್ಲಾಡಿಮಿರ್ ಕೊಪ್ಪೆನ್. 1846ರಲ್ಲಿ ರಷ್ಯಾದಲ್ಲಿ ಹುಟ್ಟಿದವರು. ಕಪ್ಪುಸಮುದ್ರದ ದಂಡೆಯ ಕ್ರಿಮಿಯಾದಲ್ಲಿ ಶಾಲೆ ಕಲಿತರು, ಸಸ್ಯಶಾಸ್ತ್ರ ಓದಲು ದೂರದ ಉತ್ತರದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದರು. ಮನೆಗೂ ಕಾಲೇಜಿಗೂ ಓಡಾಡುವಾಗ ದಾರಿಯುದ್ದಕ್ಕೂ ಗಿಡಮರಗಳು ಬದಲಾಗುವುದು ಅವರ ಕಣ್ಣಿಗೆ ಬಿತ್ತು. ಗಿಡಗಳು ಒಂದು ಊರಿನ ಬಿಸಿಲು, ಮಳೆ, ಚಳಿಯ ಲೆಕ್ಕವನ್ನು ವರ್ಷಗಟ್ಟಲೆ ಮೈಯಲ್ಲಿ ಬರೆದುಕೊಂಡಿರುತ್ತವೆ ಎಂಬುದು ಅವರಿಗೆ ಹೊಳೆಯಿತು. ಮುಂದೆ ಪ್ರಪಂಚದ ವಾಯುಗುಣವನ್ನು ಗುಂಪು ಮಾಡುವಾಗ ಗುಂಪುಗಳ ಗಡಿಯನ್ನು ಸಸ್ಯಗಳನ್ನು ನೋಡಿಯೇ ಗುರುತಿಸಿದರು. ಆ ಪಟ್ಟಿಯನ್ನು ತಿದ್ದಿ, ಬೆಳೆಸಿ ಇಂದಿಗೂ ಬಳಸುತ್ತಾರೆ. ಮುಂಡಗೋಡದ ಹುಡುಗನಿಗೆ ಈ ಮಾತು ಕೇಳಿ ಖುಷಿಯಾಗಬಹುದು: ಕೊಪ್ಪೆನ್ನರ ಪಟ್ಟಿಯಲ್ಲಿ ಅವನ ಊರಿನ ವಾಯುಗುಣವೂ ಜಿರಾಫೆ, ಸಿಂಹಗಳಿರುವ ಆಫ್ರಿಕದ ಸವನ್ನಾದ ವಾಯುಗುಣವೂ ಒಂದೇ ಗುಂಪು. ಅವನ ಊರು ಚಾರ್ಟಿನಲ್ಲಿ ಇದ್ದೇ ಇತ್ತು.

ಈಗ ನಿಮಗೊಂದು ಒಗಟು. ಇಂಗ್ಲೆಂಡಿನ ಲಂಡನ್ ನಗರದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುತ್ತದೆ. ಮುಂಡಗೋಡಕ್ಕಿಂತ ಬಹಳ ಕಡಿಮೆ! ಆದರೂ ಲಂಡನ್ನಿನ ಬಯಲುಗಳು ಹಸಿರು, ನಮ್ಮ ಬಯಲು ಮಾರ್ಚಿಯಲ್ಲಿ ಕಂದು. ಏಕೆ? ಯೋಚಿಸಿ.

ಒಂದು, ಲಂಡನ್ನಿನಲ್ಲಿ ಹನ್ನೆರಡು ತಿಂಗಳೂ ಸ್ವಲ್ಪ ಸ್ವಲ್ಪ ಮಳೆ ಬರುತ್ತಲೇ ಇರುತ್ತದೆ. ನಮ್ಮಲ್ಲಿ ಬಹುಪಾಲು ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು, ಆಮೇಲೆ ತಿಂಗಳುಗಟ್ಟಲೆ ಆಕಾಶ ಒಣಗಿರುತ್ತದೆ. ಎರಡು, ಅಲ್ಲಿ ತಂಪು, ನೀರು ಬೇಗ ಆವಿಯಾಗುವುದಿಲ್ಲ. ಆದ್ದರಿಂದ ‘ಎಷ್ಟು ಮಳೆ?’ ಎಂದು ಮಾತ್ರ ಕೇಳಿದರೆ ಸಾಲದು. ‘ಎಷ್ಟು ತಿಂಗಳು ಮಳೆ? ಎಷ್ಟು ಬಿಸಿಲು?’ ಎಂದೂ ಕೇಳಬೇಕು. ಟಂಡ್ರಾದಲ್ಲಿ ಬೀಳುವ ಮಳೆ ಮತ್ತು ಹಿಮ ಮರುಭೂಮಿಯಷ್ಟೇ ಕಡಿಮೆ. ಆದರೂ ಬೇಸಿಗೆಯಲ್ಲಿ ಅಲ್ಲಿ ಕಾಲಿಟ್ಟರೆ ಕೆಸರು, ಏಕೆಂದರೆ ನೆಲದಡಿಯ ಮಣ್ಣು ಹೆಪ್ಪುಗಟ್ಟಿ ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ. ಇನ್ನು ಸಿಂಗಪುರದಲ್ಲಿ ವರ್ಷಕ್ಕೆ ಸುಮಾರು 2400 ಮಿ.ಮೀ. ಮಳೆ. ಕ್ಯಾಸಲ್‌ರಾಕ್‌ನ ಅರ್ಧದಷ್ಟೂ ಇಲ್ಲ. ಆದರೆ ಅಲ್ಲಿ ಮಳೆಯಿಲ್ಲದ ತಿಂಗಳೇ ಇಲ್ಲ. ಹಾಗಾಗಿ ಅಸಲಿ ಮಳೆಕಾಡು ಅಲ್ಲಿನದು. ಜೋಯಿಡಾದ ಮಕ್ಕಳೇ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಕಾಡು ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮಳೆಯಿಲ್ಲದೆ, ಮಣ್ಣು ಹಿಡಿದಿಟ್ಟ ನೀರು, ಘಟ್ಟದ ತಂಪು ಮತ್ತು ತನ್ನದೇ ನೆರಳಿನ ಬಲದಿಂದ ಹಸಿರಾಗಿ ಉಳಿಯುತ್ತದೆ. ಅದೂ ಒಂದು ಸಾಹಸವೇ.

ಸರಿ, ಮುಂಡಗೋಡದ ಸಾಗವಾನಿ ಏನು ಮಾಡುತ್ತದೆ? ಅದರ ಎಲೆ ನೋಡಿದ್ದೀರಿ, ಊಟದ ತಟ್ಟೆಯಷ್ಟು ಅಗಲ. ಎಲೆಯ ಕೆಳಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪತ್ರರಂಧ್ರಗಳಿವೆ. ಆಹಾರ ತಯಾರಿಸಲು ಇಂಗಾಲದ ಡೈಆಕ್ಸೈಡ್ ಬೇಕು, ಅದಕ್ಕಾಗಿ ರಂಧ್ರ ತೆರೆಯಬೇಕು. ತೆರೆದರೆ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಇದೇ ಬಾಷ್ಪವಿಸರ್ಜನೆ. ಮಳೆಗಾಲದಲ್ಲಿ ಚಿಂತೆಯಿಲ್ಲ, ಬೇರು ನೀರು ಎತ್ತಿ ಕೊಡುತ್ತದೆ. ಬೇಸಿಗೆಯಲ್ಲಿ ಎಲ್ಲಿಂದ ತರಬೇಕು? ಆಗ ಮರ ಒಂದು ಲೆಕ್ಕ ಹಾಕುತ್ತದೆ. ಎಲೆಗಳಲ್ಲಿರುವ ಸಾರಜನಕದಂಥ ಪೋಷಕಾಂಶಗಳಲ್ಲಿ ಒಂದು ಪಾಲನ್ನು ಕಾಂಡಕ್ಕೆ ವಾಪಸು ಎಳೆದುಕೊಳ್ಳುತ್ತದೆ, ತೊಟ್ಟಿನ ಬುಡವನ್ನು ಮುಚ್ಚಿಕೊಳ್ಳುತ್ತದೆ, ಎಲೆಯನ್ನು ಬಿಟ್ಟುಬಿಡುತ್ತದೆ. ಮನೆ ಬಿಟ್ಟು ಊರಿಗೆ ಹೋಗುವಾಗ ಬೆಲೆಬಾಳುವ ವಸ್ತುಗಳನ್ನು ಒಳಗಿಟ್ಟು ಬೀಗ ಹಾಕುತ್ತೇವಲ್ಲ, ಹಾಗೆ. ಆ ಮರ ಸತ್ತಿಲ್ಲ. ನಿಮ್ಮ ಉಗುರಿನಿಂದ ಸಣ್ಣ ಟೊಂಗೆಯ ತೊಗಟೆಯನ್ನು ಸ್ವಲ್ಪ ಕೆರೆದು ನೋಡಿ (ಒಂದೇ ಕಡೆ, ಸ್ವಲ್ಪವೇ!). ಒಳಗೆ ಹಸಿರು ಕಾಣುತ್ತದೆ.

ಇಂಗ್ಲೆಂಡ್, ಜಪಾನಿನ ಕಾಡುಗಳಲ್ಲೂ ಅನೇಕ ಮರಗಳು ಎಲೆ ಉದುರಿಸುತ್ತವೆ. ಆದರೆ ಅಲ್ಲಿ ಕಾರಣ ಚಳಿ, ಇಲ್ಲಿ ಕಾರಣ ಬಾಯಾರಿಕೆ. ಜಪಾನಿನ ಎಲೆ ಉದುರುವ ಕಾಡಿನ ಫೋಟೊವನ್ನು ನಾವು ಕ್ಯಾಲೆಂಡರಿನಲ್ಲಿ ಅಂಟಿಸಿ ‘ಎಷ್ಟು ಚೆಂದ’ ಎನ್ನುತ್ತೇವೆ. ನಮ್ಮದೇ ಹಿತ್ತಲಿನ ಕಾಡು ಎಲೆ ಉದುರಿಸಿದರೆ ‘ಒಣಗಿದ ಗಿಡ’ ಎನ್ನುತ್ತೇವೆ. ಇದೆಂಥ ನ್ಯಾಯ?

ಪ್ರಾಣಿಗಳ ಕಡೆಯಿಂದಲೂ ನೋಡೋಣ. ದಾಂಡೇಲಿಯ ಸುತ್ತ ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳಿವೆ. ಅವುಗಳಿಗಾಗಿಯೇ 2011ರಲ್ಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಹೆಣ್ಣು ಮಂಗಟ್ಟೆ ದೊಡ್ಡ ಮರದ ಪೊಟರೆಯೊಳಗೆ ಕುಳಿತು ಬಾಗಿಲನ್ನು ಮೆತ್ತಿ ಮುಚ್ಚಿಕೊಳ್ಳುತ್ತದೆ. ಒಂದು ಸೀಳು ಮಾತ್ರ ಬಿಟ್ಟಿರುತ್ತದೆ. ಗಂಡು ಆ ಸೀಳಿನಿಂದ ಹಣ್ಣು ಉಣಿಸಬೇಕು. ಅತ್ತಿ, ಬಸರಿ, ಆಲದಂಥ ಹಣ್ಣಿನ ಮರಗಳೂ ಪೊಟರೆಯಿರುವ ಮುದಿ ಮರಗಳೂ ಇಲ್ಲದ ಕಡೆ ಅದು ಬದುಕುವುದು ಕಷ್ಟ. ಅದಕ್ಕೆ ದಟ್ಟ ಕಾಡೇ ಬೇಕು, ಒಪ್ಪೋಣ. ಆದರೆ ಜಿಂಕೆಗೆ? ದಟ್ಟ ನಿತ್ಯಹರಿದ್ವರ್ಣ ಕಾಡಿನ ನೆಲಕ್ಕೆ ಬಿಸಿಲು ಬೀಳುವುದೇ ಕಡಿಮೆ. ಬಿಸಿಲಿಲ್ಲದೆ ಹುಲ್ಲಿಲ್ಲ, ಹುಲ್ಲಿಲ್ಲದೆ ಜಿಂಕೆಗಳ ಹಿಂಡಿಲ್ಲ, ಹಿಂಡಿಲ್ಲದೆ ಹುಲಿಗೆ ಹೊಟ್ಟೆ ತುಂಬುವುದಿಲ್ಲ. ನಮ್ಮ ರಾಜ್ಯದಲ್ಲಿ ಹುಲಿಗಳು ಹೆಚ್ಚಾಗಿರುವ ನಾಗರಹೊಳೆ, ಬಂಡೀಪುರಗಳು ಬಹುಪಾಲು ಎಲೆ ಉದುರುವ ಕಾಡುಗಳೇ! ನಮ್ಮ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ (2007ರಲ್ಲಿ ದಾಂಡೇಲಿ-ಅಣಶಿ ಎಂಬ ಹೆಸರಿನಲ್ಲಿ ಶುರುವಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆಯಿತು) ಎರಡೂ ಬಗೆಯ ಕಾಡುಗಳಿವೆ. ಬಿದಿರು ಮೇಯುವ ಆನೆ, ಹುಲ್ಲು ಮೇಯುವ ಕಾಡುಕೋಣ, ಗೆದ್ದಲಿನ ಹುತ್ತ ಕೆದಕುವ ಕರಡಿ ಇವಕ್ಕೆಲ್ಲ ಒಣಕಾಡು ಎಂದರೆ ಪಾಳುಬಿದ್ದ ಜಾಗವಲ್ಲ, ಊಟದ ಮನೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಮರವೇ ಇಲ್ಲದ ನೆಲ? ಬರೀ ಹುಲ್ಲು, ಅಲ್ಲೊಂದು ಇಲ್ಲೊಂದು ಕಾರೆಮುಳ್ಳು? ಅದನ್ನಾದರೂ ಖಾಲಿ ಜಾಗ ಅನ್ನಬಹುದಲ್ಲ?

ಮುಂಡಗೋಡದ ಟಿಬೇಟಿಯನ್ ಕಾಲೊನಿಯ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. 1966ರಿಂದ ಅವರ ಹಿರಿಯರು ಇಲ್ಲಿ ನೆಲೆಸಿದ್ದಾರೆ. ಅವರು ಬಿಟ್ಟುಬಂದ ನಾಡಿನ ಸರಾಸರಿ ಎತ್ತರ 4000 ಮೀಟರಿಗೂ ಹೆಚ್ಚು. ಅಲ್ಲಿನ ಎಷ್ಟೋ ಕಡೆ ಚಳಿ, ಗಾಳಿ ಮತ್ತು ಕಡಿಮೆ ಮಳೆಯಿಂದ ಮರ ಬೆಳೆಯುವುದೇ ಇಲ್ಲ. ಕಣ್ಣು ಹಾಯುವವರೆಗೂ ಗಿಡ್ಡ ಹುಲ್ಲು. ಆ ಹುಲ್ಲನ್ನು ನಂಬಿ ಯಾಕ್, ಕುರಿ, ಕಾಡುಕತ್ತೆ, ಅವುಗಳ ಹಿಂದೆ ತೋಳ, ಜೊತೆಗೆ ದನಗಾಹಿ ಜನ ಶತಮಾನಗಳಿಂದ ಬದುಕಿದ್ದಾರೆ. ಮನುಷ್ಯರು ಬಟ್ಟೆ ಬದಲಿಸಿ, ಮನೆ ಕಟ್ಟಿ, ಗೋವಿನಜೋಳ ಬಿತ್ತಿ ಬೇರೆ ಬಯೋಮಿಗೆ ಹೊಂದಿಕೊಳ್ಳಬಲ್ಲರು. ದಪ್ಪ ಕೂದಲಿನ ಯಾಕ್‌ಗೆ ಮುಂಡಗೋಡದ ಏಪ್ರಿಲ್ ಬಿಸಿಲು ತಡೆಯದು. ಆದರೆ ಅದೇ ಟಿಬೆಟ್, ಮಂಗೋಲಿಯಾಗಳ ಒಂದು ಜೀವಿ ಪ್ರತಿವರ್ಷ ನಮ್ಮ ನೆರೆಗೆ ಬಂದು ಹೋಗುತ್ತದೆ. ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿರುವ ಹೆಬ್ಬಾತು. ಹಿಮಾಲಯ ದಾಟಿ ಚಳಿಗಾಲ ಕಳೆಯಲು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುತ್ತದೆ. ಅತ್ತಿವೇರಿಯ ಪಕ್ಷಿಧಾಮ ನೋಡಿದವರಿಗೆ ವಲಸೆ ಹಕ್ಕಿಗಳ ವಿಷಯ ಹೊಸತಲ್ಲ. ಮರವಿಲ್ಲದ ಆ ಎತ್ತರದ ನಾಡನ್ನು ‘ಖಾಲಿ’ ಎಂದು ಯಾರಾದರೂ ಹಾಳುಮಾಡಿದರೆ ಮಾಗಡಿ ಕೆರೆಯೂ ಖಾಲಿಯಾಗುತ್ತದೆ.

ಇಲ್ಲಿಗೆ ಹತ್ತಿರದ್ದೇ ಇನ್ನೊಂದು ಉದಾಹರಣೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು. 1974ರಲ್ಲಿ ಅಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯ ಮಾಡಿದರು. ಹಿಂದೆ ಆ ಬಯಲಿನಲ್ಲಿ ಎರೆಭೂತ ಎಂಬ ದೊಡ್ಡ ಹಕ್ಕಿಯೂ ಇತ್ತು. ಮೀಟರಿನಷ್ಟು ಎತ್ತರ, ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿ. ಅದಕ್ಕೆ ಬೇಕಾದದ್ದು ದೂರದವರೆಗೂ ಕಾಣುವ ಹುಲ್ಲುಬಯಲು. ಆದರೆ ಬಯಲಿನ ಬಹುಭಾಗದಲ್ಲಿ ನೀಲಗಿರಿ ನೆಟ್ಟರು. ಇಂದು ಅಲ್ಲಿ ಎರೆಭೂತ ಇಲ್ಲ. ಬೇಟೆ, ಹೊಸ ಹೊಲಗಳು ಮುಂತಾದ ಬೇರೆ ಕಾರಣಗಳೂ ಇದ್ದವು, ಎಲ್ಲ ತಪ್ಪನ್ನೂ ನೀಲಗಿರಿಯ ತಲೆಗೆ ಕಟ್ಟಬಾರದು. ಆದರೂ ಬಯಲಿಗೆ ಮರ ನೆಡುವುದು ಎಂದರೆ ಬಯಲಿನ ಹಕ್ಕಿಯ ಮನೆ ಕೆಡವುವುದೇ. ಈಗ ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಎರೆಭೂತಗಳು ಮಾತ್ರ ಉಳಿದಿವೆ.

ಬೇರೆಯವರ ತಪ್ಪು ಹೇಳಿ ನನ್ನದನ್ನು ಮುಚ್ಚಿಡುವುದು ಸರಿಯಲ್ಲ. ಶಿಕ್ಷಕಿಯಾದ ಹೊಸತರಲ್ಲಿ ನಾನೂ ಮಕ್ಕಳ ಕೈಯಲ್ಲಿ ಶಾಲೆಯ ಹಿಂದಿನ ಹುಲ್ಲುಬಯಲಿಗೆ ಸಾಲುಸಾಲಾಗಿ ಅಕೇಶಿಯಾ ನೆಡಿಸಿದ್ದೆ. ಉಚಿತವಾಗಿ ಸಿಕ್ಕ ಸಸಿಗಳು, ಬೇಗ ಬೆಳೆದವು, ಫೋಟೊ ಚೆನ್ನಾಗಿ ಬಂತು. ಮೂರ್ನಾಲ್ಕು ವರ್ಷಗಳಲ್ಲಿ ಅಡಿಯಲ್ಲಿ ಹುಲ್ಲು ಹೋಯಿತು. ಗೌಳಿಯವರ ಎಮ್ಮೆಗಳು ಬರುವುದು ನಿಂತಿತು, ಅಕೇಶಿಯಾ ಎಲೆಯನ್ನು ಅವು ಮೂಸಿಯೂ ನೋಡಲಿಲ್ಲ. ಕಲ್ಲುಹರಳಿನ ನಡುವೆ ಮೊಟ್ಟೆಯಿಡುತ್ತಿದ್ದ ಟಿಟ್ಟಿಭದ ಜೋಡಿ ಬೇರೆ ಕಡೆ ಹೋಯಿತು. ‘ಅಕ್ಕೋರೆ, ಟಿಟ್ಟಿಭ ಯಾಕೆ ಬರುತ್ತಿಲ್ಲ?’ ಎಂದು ಒಬ್ಬಳು ಹುಡುಗಿ ಕೇಳಿದಾಗಲೇ ನನಗೆ ಗೊತ್ತಾದದ್ದು. ನಾನು ಎಂ.ಎಸ್‌ಸಿ. ಓದಿದವಳು, ಅವಳು ಐದನೇ ತರಗತಿ!

‘ಹಾಗಾದರೆ ಗಿಡ ನೆಡಲೇಬಾರದೇ?’ ಎಂದು ನೀವು ಕೇಳಬಹುದು. ನೆಡಬೇಕು, ಖಂಡಿತ ನೆಡಬೇಕು. ಕಡಿದು ಬೋಳಾದ ಕಾಡಿನಲ್ಲಿ, ಹಳ್ಳದ ದಂಡೆಯಲ್ಲಿ, ರಸ್ತೆಬದಿ, ಶಾಲೆಯ ಅಂಗಳದಲ್ಲಿ ನೆಡಬೇಕು. ಮುಂಡಗೋಡ, ಹಳಿಯಾಳದ ಒಣಕಾಡೆಲ್ಲ ಹುಟ್ಟಿದ್ದೇ ಹಾಗೆ ಎಂದೂ ನಾನು ಹೇಳುತ್ತಿಲ್ಲ. ಕೊಡಲಿ ಮತ್ತು ಬೆಂಕಿಯಿಂದ ಹಾಳಾದ ಜಾಗಗಳೂ ಇವೆ. ಗುರುತಿಸುವುದು ಹೇಗೆ? ಮಳೆಗಾಲದಲ್ಲಿ ಹೋಗಿ ನೋಡಿ. ದೊಡ್ಡ ಮರಗಳ ಕೆಳಗೆ ಅದೇ ಜಾತಿಯ ಸಸಿಗಳು ಎದ್ದಿದ್ದರೆ, ಹತ್ತಾರು ಬಗೆಯ ಹುಲ್ಲು, ಸಣ್ಣ ಹೂಗಳು ಕಂಡರೆ ಆ ಕಾಡು ಗಟ್ಟಿಯಾಗಿದೆ. ಬರೀ ಕೊರಡುಗಳು, ಸುತ್ತ ಲಂಟಾನ ಒಂದೇ ಕಂಡರೆ ಅದಕ್ಕೆ ಸಹಾಯ ಬೇಕು. ಸಹಾಯ ಮಾಡುವಾಗಲೂ ಆಯಾ ಊರಿನ ಮಳೆಗೆ ಒಗ್ಗಿದ ಗಿಡವನ್ನೇ ಆರಿಸಿ. ಜೋಯಿಡಾದಲ್ಲಿ ಹಲಸು, ಮುರುಗಲು, ಉಪ್ಪಾಗೆ. ದಾಂಡೇಲಿಯಲ್ಲಿ ಮತ್ತಿ, ಹೊನ್ನೆ, ಅತ್ತಿ. ಹಳಿಯಾಳ, ಮುಂಡಗೋಡದಲ್ಲಿ ಮುತ್ತುಗ, ಹೊಂಗೆ, ತಾರೆ, ನೆಲ್ಲಿ. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಉಚಿತವಾಗಿ ಸಿಕ್ಕಿತು ಎಂದು ಯಾವುದೋ ಸಸಿಯನ್ನು ತಂದು ಎಲ್ಲಿಯೋ ನೆಟ್ಟು ಬರುವ ನಮ್ಮ ವನಮಹೋತ್ಸವದ ಅಭ್ಯಾಸವೂ ಬದಲಾಗಬೇಕು.

ಇನ್ನೊಂದು ಮಾತು. ಫೆಬ್ರವರಿಯಲ್ಲಿ ಶಾಲೆಯ ಅಂಗಳ ಗುಡಿಸಿ ತರಗೆಲೆಗೆ ಬೆಂಕಿ ಹಚ್ಚುತ್ತೇವಲ್ಲ, ಅದನ್ನು ಬಿಡಿ. ಮರ ಎಷ್ಟು ಹಿಂದಕ್ಕೆ ಎಳೆದುಕೊಂಡರೂ ಎಲೆಯಲ್ಲಿ ಇನ್ನಷ್ಟು ಪೋಷಕಾಂಶ ಉಳಿದಿರುತ್ತದೆ. ಅದು ಮರ ಮಣ್ಣಿಗೆ ಕಟ್ಟುವ ಕಂತು. ಸುಟ್ಟರೆ ಅದರಲ್ಲಿನ ಸಾರಜನಕದ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ. ಅಂಗಳದ ಮೂಲೆಯಲ್ಲಿ ಒಂದು ಗುಂಡಿ ತೋಡಿ, ತರಗೆಲೆ ತುಂಬಿ, ಸಗಣಿ ನೀರು ಚಿಮುಕಿಸಿ, ಮಣ್ಣು ಮುಚ್ಚಿ. ಮಳೆಗಾಲ ಕಳೆಯುವ ಹೊತ್ತಿಗೆ ಗೊಬ್ಬರ ಸಿಗುತ್ತದೆ.

ಕೊನೆಗೆ ನಿಮ್ಮಿಂದ ನನಗೊಂದು ಕೆಲಸವಾಗಬೇಕು. ನಿಮ್ಮ ಶಾಲೆಗೆ ಹತ್ತಿರದ ಒಂದು ಸಾಗವಾನಿ ಮರವನ್ನು ಆರಿಸಿಕೊಳ್ಳಿ. ನವೆಂಬರ್‌ನಿಂದ ಜೂನ್‌ವರೆಗೆ ವಾರಕ್ಕೊಮ್ಮೆ, ಪ್ರತಿ ಶನಿವಾರ, ನೋಡಿ ಬರೆಯಿರಿ: ಎಲೆ ಪೂರ್ತಿ ಇದೆಯೇ, ಅರ್ಧ ಉದುರಿದೆಯೇ, ಎಲ್ಲ ಉದುರಿದೆಯೇ, ಹೊಸ ಚಿಗುರು ಬಂದಿದೆಯೇ. ಜೊತೆಗೆ ತಾರೀಖು. ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ, ನಾಲ್ಕೂ ತಾಲೂಕಿನವರು ನಿಮ್ಮ ಪಟ್ಟಿಯನ್ನು ವಿಜ್ಞಾನ ಶಿಕ್ಷಕರ ಕೈಯಲ್ಲಿ ಕೊಟ್ಟು ಕಳಿಸಿದರೆ ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬರೆಯುತ್ತೇನೆ. ಯಾವ ಊರಿನ ಮರ ಮೊದಲು ಬೋಳಾಯಿತು, ಯಾವುದು ಮೊದಲು ಚಿಗುರಿತು ಎಂದು ಆಗ ನೋಡೋಣ. ಮುಂಡಗೋಡದ ಆ ಹುಡುಗ ಈಗ ಹೈಸ್ಕೂಲಿಗೆ ಹೋಗಿದ್ದಾನೆ. ಅವನ ತಂಗಿ ಅದೇ ಶಾಲೆಯಲ್ಲಿದ್ದಾಳೆ. ಕಿಟಕಿಯ ಹೊರಗಿನ ಆ ಸಾಗವಾನಿಯನ್ನು ತಾನೇ ನೋಡಿಕೊಳ್ಳುತ್ತೇನೆ ಎಂದು ಅವಳು ಈಗಾಗಲೇ ಒಪ್ಪಿಕೊಂಡಿದ್ದಾಳೆ.